ಬೋಸ್ಟನ್ ಗಲಾಟೆಯ ಹಗ್ಗದ ಎಳೆ

ಮಂಜೇಶ್ವರ, ಕುಂಬಳೆ ಕಡೆ ಕತ್ತದ ಬಳ್ಳಿ ಹೊಸೆಯುವುದನ್ನು ನೋಡಿದವರಿಗೆ ಗೊತ್ತು, ಹೊಸೆದಷ್ಟೂ ಬಳ್ಳಿ ಗಿಡ್ಡವಾಗುತ್ತದೆ. ಬೇಕಾದ ಉದ್ದಕ್ಕಿಂತ ಉದ್ದದ ಜಾಗ ಇರಬೇಕು. ಹಾಯಿಹಡಗಿನ ಹಗ್ಗವಂತೂ ನೂರಾರು ಅಡಿಯ ಲೆಕ್ಕ. ಅಮೆರಿಕದ ಬಂದರು ಪಟ್ಟಣ ಬೋಸ್ಟನ್ನಿನಲ್ಲಿ ಈ ಕೆಲಸಕ್ಕೆಂದೇ ಉದ್ದಾನುದ್ದ ಶೆಡ್ಡುಗಳಿದ್ದವು. ಹೊಸೆಯುವವ ಸೆಣಬಿನ ನಾರನ್ನು ಸೊಂಟಕ್ಕೆ ಸುತ್ತಿಕೊಂಡು, ತುದಿಯನ್ನು ರಾಟೆಯ ಕೊಕ್ಕೆಗೆ ಸಿಕ್ಕಿಸಿ, ಬೆರಳಲ್ಲಿ ನಾರು ಬಿಡುತ್ತ ಹಿಂದೆ ಹಿಂದೆ ನಡೆಯುತ್ತಾನೆ. ಹಾಗೆ ಬಂದ ನೂಲಿಗೆ ಟಾರು ಹಿಡಿಸಿ, ಹಲವು ನೂಲು ಸೇರಿ ಒಂದು ಎಳೆ, ಎಳೆಗಳು ಸೇರಿ ಹಗ್ಗ. ದಪ್ಪ ಹಗ್ಗದ ಹುರಿ ಕೈಯಿಂದ ಬಿಗಿಯುವುದಿಲ್ಲ, ದೊಣ್ಣೆ ಸಿಕ್ಕಿಸಿ ತಿರುವಬೇಕು. ಆ ದೊಣ್ಣೆ ಮುಂದೆ, 1770ರಲ್ಲಿ ಬ್ರಿಟಿಷ್ ಸಿಪಾಯಿಗಳ ಗುಂಡಿಗೆ ಐವರು ಸತ್ತ ಬೋಸ್ಟನ್ ಗಲಾಟೆಯ ಕತೆಯಲ್ಲಿ, ಬೇಕಾಗುತ್ತದೆ.

ಬೋಸ್ಟನ್ ಎಂದರೆ ಚಹಾ, ತೆರಿಗೆ ಎಂದು ಶಾಲೆಯಲ್ಲಿ ಓದಿದ್ದೇವೆ. ತೆರಿಗೆ ಇತ್ತು, ನಿಜ. ಬೋಸ್ಟನ್ ಆಗ ಬ್ರಿಟಿಷರ ವಸಾಹತು, ಬ್ರಿಟಿಷ್ ಸಂಸತ್ತಿನ 1767ರ ಟೌನ್‌ಶೆಂಡ್ ಕಾಯ್ದೆ ಗಾಜು, ಸೀಸ, ಬಣ್ಣ, ಕಾಗದ, ಚಹಾದ ಮೇಲೆ ಸುಂಕ ಹಾಕಿತು. ಸುಂಕದ ಅಧಿಕಾರಿಗಳ ಮೇಲೆ ಜನ ತಿರುಗಿಬಿದ್ದರು. 1768ರ ಅಕ್ಟೋಬರ್ 1ರಂದು ಬ್ರಿಟಿಷ್ ಸೈನ್ಯ ಬಂದಿಳಿಯಿತು. ಸುಮಾರು 16,000 ಜನರ ಊರು ಅದು. ಸುಂಕದ ಕಾಗದವನ್ನು ಯಾರೂ ದಿನಾ ನೋಡುವುದಿಲ್ಲ, ಸಿಪಾಯಿಯನ್ನು ಬೆಳಗೂ ಬೈಗೂ ನೋಡಬೇಕು.

ಮೊದಲ ತಕರಾರು ಬಿಡಾರದ್ದು. 1765ರ ಕಾಯ್ದೆಯ ಪ್ರಕಾರ ಮೊದಲು ಬ್ಯಾರಕ್ಕು ತುಂಬಬೇಕು, ಸಾಲದಿದ್ದರೆ ಹೆಂಡದಂಗಡಿ, ಛತ್ರಗಳು, ಆಮೇಲೆ ಖಾಲಿ ಕಟ್ಟಡ. ಬ್ಯಾರಕ್ಕಿದ್ದದ್ದು ಬಂದರಿನ ನಡುಗಡ್ಡೆಯ ಕ್ಯಾಸಲ್ ವಿಲಿಯಂನಲ್ಲಿ. ಅಲ್ಲೇ ಇರಲಿ ಎಂದರು ಊರವರು. ನನ್ನ ಮಟ್ಟಿಗೆ ಕಾನೂನು ಊರವರ ಪರವೇ ಇತ್ತು. ಆದರೆ ನಡುಗಡ್ಡೆಯಲ್ಲಿ ಕೂತ ಸೈನ್ಯ ಊರು ಕಾಯುವುದು ಹೇಗೆ?

ಎರಡನೆಯದು ಕೂಲಿ. ಇದೇ ಹೆಚ್ಚು ಉರಿದದ್ದು. ಸಿಪಾಯಿಯ ಸಂಬಳ ದಿನಕ್ಕೆ 8 ಪೆನ್ನಿ, ಊಟ ಬಟ್ಟೆಯ ಕಡಿತ ಕಳೆದು ಕೈಗೆ ಬರುವುದು ಚಿಲ್ಲರೆ. ಪಾಳಿ ಇಲ್ಲದಾಗ ಹೊರಗೆ ದುಡಿಯಬಹುದಿತ್ತು. ಅನ್ನ, ಸೂರು ಹೇಗೂ ಸರಕಾರದ್ದು, ಹಾಗಾಗಿ ಊರ ಆಳಿಗಿಂತ ಕಡಿಮೆಗೆ ಒಪ್ಪುತ್ತಿದ್ದ. ಚಳಿಗಾಲದಲ್ಲಿ ಕೆಲಸವೇ ಕಡಿಮೆ, ಅದರಲ್ಲೂ ಇವನ ಪಾಲು.

1770ರ ಮಾರ್ಚ್ 2, ಶುಕ್ರವಾರ. 29ನೇ ರೆಜಿಮೆಂಟಿನ ಪ್ಯಾಟ್ರಿಕ್ ವಾಕರ್ ಜಾನ್ ಗ್ರೇಯ ಹಗ್ಗದ ಶೆಡ್ಡಿಗೆ ಬಂದ. ಕೆಲಸ ಬೇಕಾ ಎಂದು ಕೇಳಿದ ವಿಲಿಯಂ ಗ್ರೀನ್ ಎಂಬ ಆಳು, ಹೌದೆಂದಾಗ, ಹಾಗಾದರೆ ನನ್ನ ಕಕ್ಕಸು ತೊಳಿ ಎಂದ. ಹೊಡೆದಾಟವಾಯಿತು. ವಾಕರ್ ಸಂಗಡಿಗರನ್ನು ಕರೆತಂದ, ಸೋತು ಹೋಗಿ ಇನ್ನಷ್ಟು ಜನರೊಂದಿಗೆ ಬಂದ. ಹಗ್ಗದವರು ಹುರಿ ತಿರುವುವ ಆ ದೊಣ್ಣೆಗಳನ್ನೇ ಬೀಸಿ ಓಡಿಸಿದರು. ಶೆಡ್ಡಿನ ಕಡೆ ಸ್ಯಾಮ್ಯುವೆಲ್ ಗ್ರೇ, ಸಿಪಾಯಿಗಳ ಕಡೆ ಮ್ಯಾಥ್ಯೂ ಕಿಲ್ರಾಯ್, ವಿಲಿಯಂ ವಾರೆನ್ ಇದ್ದರು.

ಸೋಮವಾರ ರಾತ್ರಿ, ಮಾರ್ಚ್ 5. ನೆಲದ ಮೇಲೆ ಹಿಮ. ಕಿಂಗ್ ಸ್ಟ್ರೀಟಿನ ಸುಂಕದ ಕಚೇರಿ ಎದುರು ಪಹರೆಯ ಹ್ಯೂ ವೈಟ್ ಒಬ್ಬನೇ. ವಿಗ್ ಅಂಗಡಿಯ ಹುಡುಗನೊಬ್ಬ, ಸೈನ್ಯದ ಒಬ್ಬ ಅಧಿಕಾರಿ ಬಾಕಿ ಕೊಟ್ಟಿಲ್ಲವೆಂದು ಕೂಗಾಡಿದ. ಆ ಬಾಕಿ ಆಗಲೇ ತೀರಿತ್ತು. ವೈಟ್ ಬಂದೂಕಿನಿಂದ ಹುಡುಗನ ತಲೆಗೆ ಕೊಟ್ಟ. ಜನ ಸೇರಿದರು, ಚರ್ಚಿನ ಗಂಟೆ ಬಾರಿಸಿತು. ಹೊತ್ತಲ್ಲದ ಹೊತ್ತಿನ ಗಂಟೆ ಎಂದರೆ ಬೆಂಕಿ ಬಿದ್ದಿದೆ ಎಂದರ್ಥ, ಕೆಲವರು ಬಕೆಟು ಹಿಡಿದೇ ಬಂದರು. ಬೀದಿಯೆಲ್ಲ 'ಫೈರ್, ಫೈರ್' ಎಂಬ ಕೂಗು. ಬಂದೂಕು ಹಿಡಿದವನಿಗೆ ಅದೇ ಮಾತು ಗುಂಡು ಹಾರಿಸುವ ಆಜ್ಞೆ. ನಮ್ಮ ಏಳು ಭಾಷೆಯ ಊರಲ್ಲಿ ತುಳುವಿನ 'ತೂ', ಮಲಯಾಳದ 'ತೀ' ಕೇಳಿ ಯಾರೂ ಬಂದೂಕಿನ ಕುದುರೆ ಎಳೆಯುವುದಿಲ್ಲ, ಇಂಗ್ಲಿಷಿಗೆ ಆ ಅಪಾಯ ಇದೆ.

ಕ್ಯಾಪ್ಟನ್ ಪ್ರೆಸ್ಟನ್ ಏಳು ಜನರೊಂದಿಗೆ ವೈಟನ ನೆರವಿಗೆ ಬಂದ. ದೊಂಬಿ ಕಾಯ್ದೆಯ ಪ್ರಕಾರ ಮ್ಯಾಜಿಸ್ಟ್ರೇಟ್ ಬಂದು ಘೋಷಣೆ ಓದಬೇಕು, ಚದುರಲು ಒಂದು ತಾಸು ಕೊಡಬೇಕು. ಮ್ಯಾಜಿಸ್ಟ್ರೇಟ್ ಅಲ್ಲಿರಲಿಲ್ಲ. ಇವರು ಗುಂಡು ಹೊಡೆಯಲಾರರು ಎಂಬ ಧೈರ್ಯದಲ್ಲಿ ಜನ ಹಿಮದುಂಡೆ, ಮಂಜುಗಡ್ಡೆ ಎಸೆಯುತ್ತ 'ಹೊಡಿ ನೋಡೋಣ' ಎಂದು ಮೈಮೇಲೆ ಬಂದರು. ದೊಣ್ಣೆಪೆಟ್ಟು ತಿಂದು ಬಿದ್ದೆದ್ದ ಮಾಂಟ್‌ಗೊಮೆರಿ ಎಂಬ ಸಿಪಾಯಿ ಮೊದಲ ಗುಂಡು ಹಾರಿಸಿದ. ಸ್ವಲ್ಪ ಹೊತ್ತು ಸುಮ್ಮನೆ. ಆಮೇಲೆ ಬಿಡಿಬಿಡಿಯಾಗಿ ಉಳಿದವು. ಆಜ್ಞೆಯಾಗಿದ್ದರೆ ಎಲ್ಲ ಒಟ್ಟಿಗೆ ಸಿಡಿಯಬೇಕಿತ್ತು. ಪಾಲ್ ರಿವೀರ್ ಮಾರಿದ ಪ್ರಸಿದ್ಧ ಚಿತ್ರದಲ್ಲಿ ಸಿಪಾಯಿಗಳು ಸಾಲಾಗಿ ನಿಂತು ಒಟ್ಟಿಗೇ ಹೊಡೆಯುತ್ತಾರೆ. ಅದನ್ನು ನಂಬಬೇಡಿ.

ಸತ್ತವರು ಐವರು: ಕ್ರಿಸ್ಪಸ್ ಆಟಕ್ಸ್, ಜೇಮ್ಸ್ ಕಾಲ್ಡ್‌ವೆಲ್, 17ರ ಸ್ಯಾಮ್ಯುವೆಲ್ ಮ್ಯಾವರಿಕ್, ಪ್ಯಾಟ್ರಿಕ್ ಕಾರ್, ಮತ್ತೆ ಹಗ್ಗದ ಶೆಡ್ಡಿನ ಸ್ಯಾಮ್ಯುವೆಲ್ ಗ್ರೇ. ಗುಂಡು ಹೊಡೆದ ಸಾಲಿನಲ್ಲಿ ಕಿಲ್ರಾಯ್, ವಾರೆನ್ ಇಬ್ಬರೂ ಇದ್ದರು.

ವಕೀಲ ಜಾನ್ ಆಡಮ್ಸ್ ಸಿಪಾಯಿಗಳ ಪರ ವಾದಿಸಿದ. ಪ್ರೆಸ್ಟನ್ ಬಿಡುಗಡೆಯಾದ, ಆರು ಸಿಪಾಯಿಗಳೂ ಬಿಡುಗಡೆಯಾದರು. ಶುಕ್ರವಾರದ ಜಗಳ ಸಾಕ್ಷಿಯಲ್ಲಿ ಬಂತು. ಮಾಂಟ್‌ಗೊಮೆರಿ, ಕಿಲ್ರಾಯ್ ಇಬ್ಬರ ಮೇಲೆ ಉದ್ದೇಶವಿಲ್ಲದ ಕೊಲೆ ಸಾಬೀತಾಗಿ, ಗಲ್ಲಿನ ಬದಲು ಹೆಬ್ಬೆರಳಿಗೆ ಬರೆ ಎಳೆದು ಬಿಟ್ಟರು. ಈ ವಿನಾಯಿತಿ ಒಮ್ಮೆ ಮಾತ್ರ, ಇನ್ನೊಮ್ಮೆ ಕೇಳಿಕೊಂಡು ಬಂದರೆ ಗುರುತು ಸಿಗಲಿ ಎಂದು ಬರೆ. ವಾರೆನ್‌ಗೆ ಏನೂ ಆಗಲಿಲ್ಲ.