ದಸರಾ ರಜೆಗೆ ಬನ್ನಿ ಚಿಕ್ಕಪ್ಪ

ಊರಲ್ಲಿ ಬೇಸಿಗೆ ರಜೆ ಹತ್ತಿರ ಬಂತೆಂದರೆ ನೈರೋಬಿಯ ನಮ್ಮ ಮನೆಗೆ ಫೋನು ಶುರುವಾಗುತ್ತದೆ. ಹೋದ ವರ್ಷ ಮೈಸೂರಿನ ಚಿಕ್ಕಪ್ಪ ಮಾಡಿದ್ದರು. "ಮೇ ತಿಂಗಳಲ್ಲಿ ಬರ್ತೀವಮ್ಮ. ಆರು ದಿನ ಇದೆ. ಮಸಾಯಿ ಮಾರಾ, ಅಂಬೋಸೆಲಿ, ಸೆರೆಂಗೆಟಿ, ಗೊರೊಂಗೊರೊ, ಕಾಡುಪ್ರಾಣಿ ಪಾರ್ಕುಗಳೆಲ್ಲಾ ಆಗುತ್ತಲ್ಲ?"

ಆಗಲ್ಲ ಚಿಕ್ಕಪ್ಪ, ಅಂದೆ. ಮಾರ್ಚ್ ಕೊನೆಯಿಂದ ಮೇವರೆಗೆ ಇಲ್ಲಿ ದೊಡ್ಡ ಮಳೆ. ಮಾರಾದ್ದು ಕಪ್ಪು ಎರೆಮಣ್ಣು, ಜೀಪು ಹೂತುಕೊಂಡರೆ ಅರ್ಧ ದಿನ ಹೋಯಿತು. ಜುಲೈನಿಂದ ಅಕ್ಟೋಬರ್‌ವರೆಗೆ ವೈಲ್ಡ್‌ಬೀಸ್ಟ್ ಅನ್ನುವ ದೊಡ್ಡ ಹುಲ್ಲೆಗಳ ಹಿಂಡುಗಳು ಸೆರೆಂಗೆಟಿಯಿಂದ ಮಾರಾಕ್ಕೆ ಬಂದಿರುತ್ತವೆ. ಒಟ್ಟು ಹದಿಮೂರು ಲಕ್ಷಕ್ಕೂ ಮೇಲೆ ಅನ್ನುತ್ತಾರೆ. ನಮ್ಮ ಮಕ್ಕಳ ರಜೆಗಳಲ್ಲಿ ಇದಕ್ಕೆ ಹೊಂದುವುದು ದಸರಾ ರಜೆ. ಮೈಸೂರಿನವರಿಗೆ ದಸರಾ ಬಿಟ್ಟು ಬನ್ನಿ ಅನ್ನುವುದು ಕಷ್ಟವೇ, ಆದರೂ ಅಂದೆ.

ಇನ್ನು ನಕ್ಷೆಯಲ್ಲಿ ಮಾರಾ, ಸೆರೆಂಗೆಟಿ ಒಂದಕ್ಕೊಂದು ಅಂಟಿಕೊಂಡಿವೆ. ಪ್ರಾಣಿಗಳಿಗೆ ಅದು ಒಂದೇ ಬಯಲು, ನಮಗೆ ಕೀನ್ಯಾ ಮತ್ತು ಟಾಂಜಾನಿಯಾ. ಪ್ರವಾಸಿಗಳು ಪಾರ್ಕಿನೊಳಗಿಂದ ಆಚೆ ದಾಟುವಂತಿಲ್ಲ, ಇಸೆಬಾನಿಯಾ ಅನ್ನುವ ಗಡಿ ಊರಿನ ಮೇಲೆ ಸುತ್ತಿ ಹೋಗಬೇಕು, ವೀಸಾ ಬೇರೆ, ಜೀಪು ಬೇರೆ. ಒಂದಿಡೀ ದಿನ ರಸ್ತೆಗೇ ಹೋಗುತ್ತದೆ. ಮಾರಾದ ಪ್ರವೇಶ ಶುಲ್ಕವೂ ಕಡಿಮೆಯಿಲ್ಲ. ಜುಲೈನಿಂದ ಡಿಸೆಂಬರ್‌ವರೆಗೆ ಹೊರದೇಶದವರಿಗೆ ದಿನಕ್ಕೆ 200 ಡಾಲರ್. ಅಷ್ಟು ಕೊಟ್ಟ ಮೇಲೆ ಒಂದೇ ಕಡೆ ನಾಲ್ಕು ರಾತ್ರಿ ಇರಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಚಿಕ್ಕಪ್ಪನಿಗೆ ಟಿಕೆಟ್ ಮಾಡಿಕೊಟ್ಟ ಏಜೆಂಟ್ ಯೆಲ್ಲೋ ಫೀವರ್ ಲಸಿಕೆಯ ಮಾತೇ ಎತ್ತಿರಲಿಲ್ಲ. ಹೊರಡುವ ಹತ್ತು ದಿನ ಮುಂಚೆಯಾದರೂ ಅದನ್ನು ಹಾಕಿಸಿ, ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಹಳದಿ ಕಾರ್ಡನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಿ. ಇಲ್ಲವಾದರೆ ಭಾರತಕ್ಕೆ ಇಳಿದ ಮೇಲೆ ಆರು ದಿನದವರೆಗೂ ಕ್ವಾರಂಟೈನ್‌ನಲ್ಲಿ ಇಡಬಹುದು. ಅರವತ್ತು ದಾಟಿದವರು ಮೊದಲು ಡಾಕ್ಟರನ್ನು ಕೇಳಿ. ಬಟ್ಟೆಯ ವಿಷಯ: ಸ್ವೆಟರ್ ಬೇಕೇ ಬೇಕು, ಬೆಳಗಿನ ಜಾವ ಮಡಿಕೇರಿಯ ಚಳಿ. ಪ್ಲಾಸ್ಟಿಕ್ ಕೈಚೀಲ ತರಬೇಡಿ, ಕೀನ್ಯಾದಲ್ಲಿ 2017ರಿಂದ ನಿಷೇಧ.

ಅಕ್ಟೋಬರ್‌ನಲ್ಲಿ ಬಂದರು. ಚಿಕ್ಕಪ್ಪ ಕಬಿನಿಯಲ್ಲಿ ಹುಲಿಗಾಗಿ ಕಾದು ರೂಢಿಯಿದ್ದವರು. ಅಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ; ಜಿಂಕೆ ಕೂಗಿತೇ, ಮುಸುವ ಕೂಗಿತೇ ಅಂತ. ಇಲ್ಲಿ ಮೊದಲ ದಿನವೇ ಬಯಲಿನ ನಡುವೆ ಹನ್ನೊಂದು ಸಿಂಹ ಮಲಗಿದ್ದು ಕಂಡು ಸುಮ್ಮನಾಗಿಬಿಟ್ಟರು. ಮೂರನೇ ದಿನ ಮಾರಾ ನದಿಯ ದಡದಲ್ಲಿ ಎರಡೂವರೆ ಗಂಟೆ ಕೂತೆವು. ಹಿಂಡು ನೀರಿನವರೆಗೂ ಇಳಿಯಿತು, ಮೊಸಳೆ ಅಲುಗಿತು, ಅಷ್ಟೂ ಪ್ರಾಣಿ ಧೂಳೆಬ್ಬಿಸಿ ವಾಪಸ್ ಹೋದವು. ಮೊದಲಿನ ಪಟ್ಟಿಯಂತೆ ನಡೆದಿದ್ದರೆ ಅವತ್ತು ಸಂಜೆಗೆ ಅಂಬೋಸೆಲಿಯ ದಾರಿ ಹಿಡಿಯಬೇಕಿತ್ತು.

ಮಾರನೇ ಬೆಳಿಗ್ಗೆ ಅದೇ ಜಾಗಕ್ಕೆ ಹೋದೆವು. ಒಂದು ಹಾರಿತು. ಅದರ ಹಿಂದೆ ಇಡೀ ದಡವೇ ಕುಸಿದ ಹಾಗೆ ಉಳಿದವು ನೀರಿಗೆ ಬಿದ್ದವು. ಈಚೆ ದಡದಲ್ಲಿ ಮರಿಯೊಂದು ಮಣ್ಣು ಹಿಡಿಯಲಾರದೆ ಜಾರುತ್ತಿತ್ತು. ದಕ್ಷಿಣ ಸೆರೆಂಗೆಟಿಯಲ್ಲಿ ಮರಿ ಹಾಕುವ ಕಾಲ ಫೆಬ್ರವರಿ. ಎಂಟು ತಿಂಗಳಿದ್ದೀತು ಅದಕ್ಕೆ. ಚಿಕ್ಕಮ್ಮ ಜೀಪಿನ ಕಂಬಿ ಬಿಗಿಹಿಡಿದು, "ಹತ್ತು ಮಗಾ, ಹತ್ತು, ಇನ್ನೊಂದು ಹೆಜ್ಜೆ" ಅಂತ ಮೆಲ್ಲಗೆ ಹೇಳುತ್ತಲೇ ಇದ್ದರು. ಮೂರನೇ ಸಲಕ್ಕೆ ಹತ್ತಿತು.