ಅಜ್ಜಿಯನ್ನೂ ಮಕ್ಕಳನ್ನೂ ಕಟ್ಟಿಕೊಂಡು ಕುದುರೆಮುಖಕ್ಕೆ

ಕುದುರೆಮುಖ ಎಂದೊಡನೆ ಎಲ್ಲರ ಕಣ್ಣೂ ಶಿಖರದ ಮೇಲೆಯೇ ಹೋಗುತ್ತದೆ. ನಮ್ಮದೂ ಹೋಗಿತ್ತು. ಆದರೆ ನಮ್ಮ ತಂಡದಲ್ಲಿದ್ದವರು ಒಂಬತ್ತು ವರ್ಷದ ಮಗಳು, ಹದಿಮೂರರ ಮಗ, ಎಪ್ಪತ್ತರ ಹೊಸ್ತಿಲಲ್ಲಿರುವ ಅತ್ತೆ, ನಾನು ಮತ್ತು ನನ್ನ ಗಂಡ. 1,894 ಮೀಟರ್ ಎತ್ತರದ ಆ ಶಿಖರವನ್ನು ಮುಳ್ಳೋಡಿ ಕಡೆಯಿಂದ ಹತ್ತಿ ಇಳಿಯಲು ಹತ್ತಿರ ಹತ್ತಿರ ಇಪ್ಪತ್ತು ಕಿಲೋಮೀಟರ್ ನಡೆಯಬೇಕು, ಕತ್ತಲಾಗುವುದರೊಳಗೆ ಕೆಳಗಿರಬೇಕು. ಇದು ರಾಷ್ಟ್ರೀಯ ಉದ್ಯಾನ. ಕಂಡಲ್ಲಿ ಟೆಂಟ್ ಹೂಡುವುದು, ಬೆಂಕಿ ಹಾಕಿ ಕೂರುವುದು ಇಲ್ಲಿ ಅಪರಾಧ. ಹಾಗಾಗಿ ಶಿಖರವನ್ನು ಬಿಟ್ಟು ಅರಣ್ಯ ಇಲಾಖೆಯ ಭಗವತಿ ಪ್ರಕೃತಿ ಶಿಬಿರದಲ್ಲಿ ಎರಡು ರಾತ್ರಿ ತಂಗಿ, ಅಲ್ಲಿಂದ ಕುರಿಂಜಲ್ ಗುಡ್ಡ ಹತ್ತುವುದೆಂದು ನಿಶ್ಚಯಿಸಿದೆವು. ಸಣ್ಣ ಮಕ್ಕಳಿರುವವರು ಕಣ್ಣು ಮುಚ್ಚಿ ಇದನ್ನೇ ಮಾಡಿ ಎನ್ನುತ್ತೇನೆ. ಶಿಖರ ಎಲ್ಲಿಗೂ ಓಡಿಹೋಗುವುದಿಲ್ಲ.

ಶಿಬಿರವನ್ನೂ ಚಾರಣವನ್ನೂ ಮುಂಚಿತವಾಗಿ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು. ಇವೆರಡೂ ಬೇರೆ ಬೇರೆ ಎಂಬುದು ನೆನಪಿರಲಿ. ಚಾರಣದ ಅನುಮತಿ ‘ಅರಣ್ಯ ವಿಹಾರ’ ತಾಣದಲ್ಲಿ ಸಿಗುತ್ತದೆ. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರುವುದರಿಂದ ವಾರಾಂತ್ಯದ ಆಸೆ ಬಿಟ್ಟು ನಾವು ಸೋಮವಾರ ಆರಿಸಿಕೊಂಡೆವು. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ ದಾರಿಗಳನ್ನು ಮುಚ್ಚುತ್ತಾರೆ. ಮಳೆ ಹಿಂತೆಗೆದ ನವೆಂಬರ್ ಎಲ್ಲ ದೃಷ್ಟಿಯಿಂದಲೂ ಒಳ್ಳೆಯದು, ಒಂದು ದೃಷ್ಟಿಯನ್ನು ಬಿಟ್ಟು. ಅದರ ವಿಷಯ ಮುಂದೆ ಬರುತ್ತದೆ.

ಬೆಂಗಳೂರಿನಿಂದ ಸುಮಾರು 330 ಕಿಲೋಮೀಟರ್. ಹಾಸನ, ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆವು. ಅಲ್ಲಿಂದ ಕಳಸದವರೆಗಿನ ತಿರುವುಗಳಲ್ಲಿ ಆ ನೀರುದೋಸೆ ಮಗಳ ಹೊಟ್ಟೆಯಲ್ಲಿ ಉಳಿಯಲಿಲ್ಲ. ವಾಂತಿ ಬರುವ ಮಕ್ಕಳಿದ್ದರೆ ಕೊಟ್ಟಿಗೆಹಾರದಲ್ಲಿ ಎರಡೇ ದೋಸೆ ಕೊಡಿ, ಉಪ್ಪು ಸವರಿದ ಶುಂಠಿ ಕೈಯಲ್ಲಿರಲಿ. ಅತ್ತೆ ಈ ಪ್ರವಾಸಕ್ಕೆ ಒಪ್ಪಿದ್ದೇ ಹೊರನಾಡಿನ ಕಾರಣಕ್ಕೆ. ಕಳಸದಿಂದ ಎಂಟು ಕಿಲೋಮೀಟರ್ ಅಷ್ಟೇ. ಅನ್ನಪೂರ್ಣೇಶ್ವರಿಯ ದರ್ಶನ, ಪಂಕ್ತಿಯಲ್ಲಿ ಊಟ, ಎರಡೂ ಆದ ಮೇಲೆ ಅವರ ಮುಖದಲ್ಲಿ ‘ಇನ್ನು ಯಾವ ಕಾಡಿಗಾದರೂ ಕರೆದೊಯ್ಯಿರಿ’ ಎಂಬ ಭಾವವಿತ್ತು. ಪೆಟ್ರೋಲ್, ಔಷಧಿ, ಎಟಿಎಂ, ಮನೆಗೊಂದು ಫೋನ್ ಎಲ್ಲವನ್ನೂ ಕಳಸದಲ್ಲೇ ಮುಗಿಸಿಕೊಳ್ಳಿ. ಮುಂದೆ ಮೊಬೈಲ್ ಬರೀ ಗಡಿಯಾರ.

ತನಿಖಾ ಠಾಣೆಯಲ್ಲಿ ವಾಹನದ ಸಂಖ್ಯೆ, ಸಮಯ ಬರೆದುಕೊಳ್ಳುತ್ತಾರೆ, ಪ್ಲಾಸ್ಟಿಕ್ ಇದೆಯೇ ಎಂದು ನೋಡುತ್ತಾರೆ. ನಾವು ಚಕ್ಕುಲಿ, ನಿಪ್ಪಟ್ಟು, ಕಡಲೆ ಚಿಕ್ಕಿಯನ್ನು ಸ್ಟೀಲ್ ಡಬ್ಬಿಗಳಲ್ಲಿ ತುಂಬಿಕೊಂಡಿದ್ದರಿಂದ ಏನೂ ತಕರಾರಾಗಲಿಲ್ಲ. ಕುದುರೆಮುಖ ಪಟ್ಟಣ ಹಾದುಹೋಗುವಾಗ ಮಗ ಖಾಲಿ ಮನೆಗಳ ಸಾಲು ನೋಡಿ ಇಲ್ಲಿಯವರೆಲ್ಲ ಎಲ್ಲಿಗೆ ಹೋದರು ಎಂದು ಕೇಳಿದ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿ ನಿಂತಿತು, ಊರೂ ಖಾಲಿಯಾಯಿತು ಎಂದೆವು. ಲಕ್ಯಾ ಅಣೆಕಟ್ಟನ್ನು ಕಟ್ಟಿದ್ದು ಹೊಲಕ್ಕೆ ನೀರು ಕೊಡಲಿಕ್ಕಲ್ಲ, ಗಣಿಯ ಹೂಳನ್ನು ಹಿಡಿದಿಡಲಿಕ್ಕೆ ಎಂದಾಗ ಅವನು ಬಹಳ ಹೊತ್ತು ಸುಮ್ಮನಿದ್ದ.

ಶಿಬಿರದಲ್ಲಿ ನಾವು ತಂಗಿದ್ದು ಟೆಂಟಿನಲ್ಲಿ. ಟೆಂಟ್ ಎಂದರೆ ಮಕ್ಕಳಿಗೆ ಹಬ್ಬ, ದೊಡ್ಡವರಿಗೆ ಬೆನ್ನುನೋವು ಎಂದುಕೊಂಡಿದ್ದೆ. ಮಂಚ, ಹಾಸಿಗೆ ಇದ್ದುದರಿಂದ ಅತ್ತೆಗೂ ಕಷ್ಟವಾಗಲಿಲ್ಲ. ಕಾಡಿದ್ದು ತೇವ. ಸಂಜೆಯಾಗುತ್ತಲೇ ಬಟ್ಟೆ, ಹೊದಿಕೆ, ಬೆಂಕಿಪೊಟ್ಟಣ ಎಲ್ಲವೂ ತಣ್ಣಗಾಗಿ ಮೆತ್ತಗಾಗುತ್ತವೆ. ರಾತ್ರಿಗೆಂದೇ ಒಂದು ಜೊತೆ ಒಣ ಕಾಲುಚೀಲ, ಒಂದು ಉಣ್ಣೆ ಟೋಪಿಯನ್ನು ಬೇರೆಯಾಗಿ ಕಟ್ಟಿಡಿ. ಹಗಲು ಎಷ್ಟೇ ಮೋಹವಾದರೂ ಅವನ್ನು ಮುಟ್ಟಬೇಡಿ. ತಲೆಗೊಂದು ಟಾರ್ಚ್ ಬೇಕು. ನಮ್ಮಲ್ಲಿ ಐದು ಜನಕ್ಕೆ ಎರಡಿದ್ದವು, ನಡುರಾತ್ರಿ ಶೌಚಾಲಯಕ್ಕೆ ಮೆರವಣಿಗೆಯಲ್ಲೇ ಹೋಗಬೇಕಾಯಿತು.

ಈಗ ಇಂಬಳದ, ಅಂದರೆ ರಕ್ತ ಹೀರುವ ಕಾಡಿನ ಜಿಗಣೆಯ ವಿಷಯ. ನವೆಂಬರ್‌ನಲ್ಲಿ ನೆಲ ಇನ್ನೂ ಹಸಿಯಾಗಿರುತ್ತದೆ, ಅವು ಇದ್ದೇ ಇರುತ್ತವೆ. ಮೊಣಕಾಲಿನವರೆಗೆ ಬರುವ ಒತ್ತಾದ ಬಟ್ಟೆಯ ಇಂಬಳದ ಕಾಲುಚೀಲ ಕೊಳ್ಳಿ, ಪ್ಯಾಂಟಿನ ಅಂಚನ್ನು ಅದರೊಳಗೆ ಸೇರಿಸಿ. ಮಾರ್ಗದರ್ಶಕರು ಹೊಗೆಸೊಪ್ಪು ನೆನೆಸಿದ ನೀರನ್ನು ಬೂಟಿಗೆ ಸವರಿಕೊಟ್ಟರು. ಅದು ನಮ್ಮ ದುಬಾರಿ ಸ್ಪ್ರೇಗಿಂತ ಚೆನ್ನಾಗಿ ಕೆಲಸ ಮಾಡಿತು. ಕಚ್ಚಿದರೆ ಕಿರುಚಿ ಎಳೆಯಬಾರದು. ಉಗುರನ್ನು ಚರ್ಮಕ್ಕೆ ತಾಗಿಸಿ ಅದರ ಬಾಯಿಯ ಬಳಿ ಜಾರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ದ್ರವವನ್ನು ಅದು ಬಿಟ್ಟಿರುವುದರಿಂದ ಗಾಯ ಬಹಳ ಹೊತ್ತು ಸೋರುತ್ತದೆ. ಬಟ್ಟೆ ಒತ್ತಿ ಹಿಡಿದರೆ ಸಾಕು. ಮಗಳು ಮೊದಲನೆಯದಕ್ಕೆ ಅತ್ತಳು, ನಾಲ್ಕನೆಯದಕ್ಕೆ ಹೆಸರಿಟ್ಟಳು.

ಇಂಬಳಕ್ಕೆ ಹೆದರುವವರು ಹೆದರದ ಇನ್ನೊಂದಿದೆ, ಉಣುಗು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಇದರಿಂದಲೇ, ಮುಖ್ಯವಾಗಿ ಡಿಸೆಂಬರ್‌ನಿಂದ ಮೇ ತನಕ. ಆ ತಿಂಗಳುಗಳಲ್ಲಿ ಮಲೆನಾಡಿಗೆ ಹೋಗುವವರು ಸ್ಥಳೀಯ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೀಪಾ ಎಣ್ಣೆ ತೆಗೆದುಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಸಿಬ್ಬಂದಿಗೆ ತಿಳಿಸಿ.

ಮರುದಿನ ಬೆಳಿಗ್ಗೆ ಏಳಕ್ಕೆ ಕುರಿಂಜಲ್ ಕಡೆಗೆ ಹೊರಟೆವು. ಅತ್ತೆ ಕಾಫಿ ಲೋಟ ಹಿಡಿದು ಶಿಬಿರದಲ್ಲೇ ಉಳಿದರು. ಬಹುಪಾಲು ದಾರಿ ಹಳೆಯ ಜೀಪು ರಸ್ತೆ, ಮರಗಳ ನೆರಳು, ಅಲ್ಲಲ್ಲಿ ತೊರೆ. ಮಳೆಯಿಲ್ಲದೆ ನೀರು ಹೇಗೆ ಎಂಬ ಪ್ರಶ್ನೆ ಬಂತು. ಬೆಟ್ಟದ ಮಡಿಲಿನ ದಟ್ಟ ಶೋಲಾ ಕಾಡೂ ಅದರ ಸುತ್ತಲಿನ ಹುಲ್ಲುಗಾವಲೂ ಮಳೆನೀರನ್ನು ಕುಡಿದಿಟ್ಟುಕೊಂಡು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡುತ್ತವೆ ಎಂದು ಮಾರ್ಗದರ್ಶಕರು ಅಂಗೈಯಲ್ಲಿ ಪಾಚಿ ಹಿಂಡಿ ತೋರಿಸಿದರು. ಕಾಣದ ಸಿಳ್ಳಾರ ಹಕ್ಕಿಯೊಂದು ಶಾಲೆ ತಪ್ಪಿಸಿಕೊಂಡ ಹುಡುಗನಂತೆ ಸಿಳ್ಳೆ ಹಾಕುತ್ತಲೇ ಇತ್ತು.

ಕೊನೆಯ ಏರು ಬೇರೆಯೇ. ಕಾಡು ಮುಗಿದು ಬಯಲು ಹುಲ್ಲು, ನೆತ್ತಿಯ ಮೇಲೆ ಬಿಸಿಲು. ಮಗಳು ಕುಳಿತೇಬಿಟ್ಟಳು. ಇಂಥ ಹೊತ್ತಿನಲ್ಲಿ ಯಾರು ಮಗುವಿನ ಜೊತೆ ಉಳಿಯುವುದು ಎಂಬುದನ್ನು ಹಿಂದಿನ ರಾತ್ರಿಯೇ ತೀರ್ಮಾನಿಸಿ. ಬೆಟ್ಟದ ಮೇಲೆ ಶುರುವಾಗುವ ಚರ್ಚೆ ಜಗಳವಾಗದೆ ಮುಗಿಯುವುದಿಲ್ಲ. ಉಳಿಯುವ ಸರದಿ ನನ್ನದಾಗಿತ್ತು. ಮಾರ್ಗದರ್ಶಕರ ಒಪ್ಪಿಗೆ ಪಡೆದು, ಅವರು ತೋರಿಸಿದ ನೆರಳಿನಲ್ಲೇ ನಾವಿಬ್ಬರೂ ಕುಳಿತೆವು. ಮುಕ್ಕಾಲು ಗಂಟೆ ಒಂದು ಕೆಂಜಳಿಲು ಎದುರಿನ ಮರದಲ್ಲಿ ಹಣ್ಣು ಬಿಡಿಸಿ ತಿನ್ನುವುದನ್ನು ನೋಡಿದೆವು. ಹತ್ತಿದವರಲ್ಲಿ ಗಂಡ ಗಾಳಿ, ಕಣಿವೆ, ಮೋಡ ಎಂದು ವರ್ಣಿಸುತ್ತಾ ಬಂದರು. ಮಗ ಮಾತ್ರ ಮೇಲೊಂದು ಮುರುಕು ಕಟ್ಟಡ ಇದೆ ಎಂದಷ್ಟೇ ಹೇಳಿ ನಮ್ಮ ಚಿಕ್ಕಿ ಡಬ್ಬಿ ಖಾಲಿ ಮಾಡಿದ. ತಲಾ ಒಂದೂವರೆ ಲೀಟರ್ ನೀರು ಒಯ್ದಿದ್ದೆವು. ಇಳಿಯುವಾಗ ಸಾಲಲಿಲ್ಲ, ಎರಡು ಲೀಟರ್ ಇರಲಿ.

ಹೊಳೆಯಲ್ಲಿ ಈಜುವ ಯೋಚನೆ ಬೇಡ. ಕಲ್ಲುಗಳ ಮೇಲೆ ಪಾಚಿ, ನೀರಿಗೆ ಸೆಳೆತ. ಸಿಬ್ಬಂದಿ ತೋರಿಸಿದ ಕಡೆ ಪಾದ ಮುಳುಗುವಷ್ಟು ನೀರಿನಲ್ಲಿ ಕುಳಿತರೆ ನಡೆದ ಕಾಲಿಗೆ ಅದೇ ಸ್ವರ್ಗ.

ಮೂರನೆಯ ದಿನ ಎಸ್.ಕೆ. (ಸೌತ್ ಕೆನರಾ) ಬಾರ್ಡರ್, ಕೆರೆಕಟ್ಟೆ ಮಾರ್ಗವಾಗಿ ಶೃಂಗೇರಿಗೆ ಹೊರಟೆವು. ಕಡಾಂಬಿ ಜಲಪಾತ ರಸ್ತೆಯ ಪಕ್ಕದಲ್ಲೇ ಸಿಗುತ್ತದೆ, ನೋಡಲು ಐದು ನಿಮಿಷ ಸಾಕು. ಹನುಮನಗುಂಡಿ ಜಲಪಾತಕ್ಕೆ ಮೆಟ್ಟಿಲು ಇಳಿಯಬೇಕು. ಹಿಂದಿನ ದಿನ ಗುಡ್ಡ ಹತ್ತಿದ ಮೊಣಕಾಲುಗಳಿಗೆ ಅದು ಶಿಕ್ಷೆಯೇ ಸರಿ, ನಾವು ಬಿಟ್ಟೆವು.

ಶೃಂಗೇರಿಯಲ್ಲಿ ಮಕ್ಕಳು ತುಂಗೆಯ ಮೀನುಗಳಿಗೆ ಮಂಡಕ್ಕಿ ಎಸೆಯುತ್ತಿದ್ದರು. ಭದ್ರೆಯೂ ಈ ತುಂಗೆಯೂ ಒಂದೇ ಬೆಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಅಕ್ಕತಂಗಿಯರು ಎಂದು ಅತ್ತೆ ಮೊಮ್ಮಗಳಿಗೆ ಕತೆ ಹೇಳುತ್ತಾ ಮೆಟ್ಟಿಲ ಮೇಲೆ ಕುಳಿತು ಚಪ್ಪಲಿ ಕಳಚಿದರು. ಮೂರು ದಿನ ಕಾಡಿನೊಳಗೆ ಕಾಲೇ ಇಡದಿದ್ದ ಅವರ ಬೆರಳ ಸಂದಿಯಲ್ಲಿ ಕೊಬ್ಬಿದ ಇಂಬಳವೊಂದು ನೆಮ್ಮದಿಯಾಗಿ ಕುಳಿತಿತ್ತು. ಮಗಳು ಓಡಿಬಂದು ಉಗುರು ಜಾರಿಸಿದಳು.