ಕೋವಿ ಠೇವಣಿ

ಚುನಾವಣೆ ಬಂತೆಂದರೆ ತೀರ್ಥಹಳ್ಳಿ ಕಡೆಯ ನಮ್ಮಂಥ ಅಡಿಕೆ ಬೆಳೆಗಾರರಿಗೆ ಠಾಣೆಗೆ ಕೋವಿ ಹೊರುವ ಕೆಲಸ. ಅಜ್ಜನ ಕಾಲದ ಒಂಟಿ ನಳಿಗೆಯ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಕೊಟ್ಟು, ರಸೀದಿ ಪಡೆದು ಬಂದೆ. ಅದನ್ನು ಕೊನೆಯ ಬಾರಿ ಗಾಳಿಯಲ್ಲಿ ಹಾರಿಸಿದ್ದು ಮಂಗಗಳನ್ನು ಬೆದರಿಸಲು, ಮಂಗಗಳು ಬೆದರಲಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ಗುಡ್ಡದ ಕಡೆಯಿಂದ ಢಂ ಎಂದಿತು. "ಪರವಾನಗಿ ಇರುವ ಕೋವಿಗಳೆಲ್ಲ ಠಾಣೆಯಲ್ಲಿವೆಯಲ್ಲ, ಇದು ಯಾರದು?" ಎಂದರು ಅಮ್ಮ.

ಪರವಾನಗಿ ಇಲ್ಲದ ಕೋವಿ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಅಪರಾಧ. 2019ರ ತಿದ್ದುಪಡಿಯಲ್ಲಿ ಶಿಕ್ಷೆ ಹೆಚ್ಚಿತು, ಒಬ್ಬರಿಗೆ ಮೂರಿದ್ದ ಬಂದೂಕಿನ ಮಿತಿ ಎರಡಕ್ಕೆ ಇಳಿಯಿತು. ಕಾನೂನು ಇನ್ನೂ ಬಿಗಿಯಾಗಲಿ ಎಂದು ಇನ್ನೊಂದು ತಿದ್ದುಪಡಿ ತಂದರೂ ಠಾಣೆಯ ಸರತಿಯಲ್ಲಿ ನಿಲ್ಲುವವನು ನಾನೇ. ಮೊದಲು ಗುಡ್ಡ ಹತ್ತಿ ಹುಡುಕುವವರನ್ನು ಕಳುಹಿಸಲಿ.

ಅಷ್ಟರಲ್ಲಿ ಇನ್ನೊಂದು ಢಂ. ಅಮ್ಮ ಸಾರು ಬಡಿಸಿದರು.